ಸಂಪಾದಕರ ಉತ್ತರ: ಒಂದೇ ಪೂಲಿನಲ್ಲಿ ಪಂಕ್ತಿಭೇದ

ಸೋದರಿ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಉತ್ತರ ಭಾಗದಲ್ಲಿ. 9 ವರ್ಷದ ಮಗಳು ಬಡಾವಣೆಯ ಪೂಲಿನ ಬೇಸಿಗೆ ತಂಡದಲ್ಲಿ ಈಜುತ್ತಾಳೆ. ಈ ವರ್ಷ ಆ ತಂಡದ ಅತಿ ವೇಗದ ಮಕ್ಕಳಿಗೆ ಫೀಸ್ ಮಾಫಿ, ಹೆಸರು ಹಾಕಿಸಿದ ಜಾಕೆಟ್, ಕೋಚ್ ಜೊತೆ ಪ್ರತ್ಯೇಕ ಒಂದು ಗಂಟೆ. ಅವರ ಅಪ್ಪ-ಅಮ್ಮಂದಿರಿಗೆ ವಾಲಂಟಿಯರ್ ಡ್ಯೂಟಿಯೂ ಇಲ್ಲ. "ಅಮ್ಮಾ, ನಾನೂ ಅದೇ ಟೀಮಾ?" ಅಂತ ಮಗಳು ಕೇಳಿದಳಂತೆ. ಹೋಗಿ ವಿಚಾರಿಸೋಣ ಅಂದರೆ ನಿಮ್ಮ ಯಜಮಾನರು, "ಸುಮ್ನಿರು, ಹೊಟ್ಟೆಕಿಚ್ಚು ಅಂದ್ಕೋತಾರೆ" ಅಂದರು. ಇದು ಹೊಟ್ಟೆಕಿಚ್ಚಾ, ನ್ಯಾಯವಾದ ಪ್ರಶ್ನೆಯಾ ಅಂತ ಕೇಳಿದ್ದೀರಿ.

ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಇದಕ್ಕೆ ಪಂಕ್ತಿಭೇದ ಅನ್ನುತ್ತಾರೆ. ಸ್ಪರ್ಧೆಯಲ್ಲಿ ಗೆದ್ದವನಿಗೆ ಬಹುಮಾನ ಕೊಡಿ, ಹಾರ ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಊಟಕ್ಕೆ ಕೂತ ಸಾಲಿನಲ್ಲಿ ಅವನ ಎಲೆಗೆ ಮಾತ್ರ ತುಪ್ಪ ಬಡಿಸಿದರೆ ಅದು ಬಹುಮಾನ ಅಲ್ಲ. ಆ ತುಪ್ಪಕ್ಕೆ ಎಲ್ಲರೂ ದುಡ್ಡು ಹಾಕಿದ್ದಾರೆ.

ಸ್ಪರ್ಧೆಯ ಮಾತು ಬೇರೆ. ನಿಮ್ಮ ಕಡೆ 1956ರಲ್ಲಿ ಶುರುವಾದ, ಬಡಾವಣೆ ಪೂಲುಗಳ ಬೇಸಿಗೆ ಈಜು ಲೀಗಿನಲ್ಲಿ ಈಗ ನೂರಕ್ಕೂ ಹೆಚ್ಚು ಪೂಲುಗಳ ತಂಡಗಳಿವೆ. ಶನಿವಾರ ಬೆಳಿಗ್ಗೆಯ ಮೀಟಿನಲ್ಲಿ, ಅಂದರೆ ಎರಡು ತಂಡಗಳ ಪಂದ್ಯದಲ್ಲಿ, ಒಂದು ಈವೆಂಟಿಗೆ ಒಂದು ತಂಡದಿಂದ ಮೂವರಿಗೇ ಜಾಗ. ಆ ಮೂವರನ್ನು ಗಡಿಯಾರ ಆರಿಸುತ್ತದೆ. ಉಳಿದವರಿಗೆ ವಾರದ ದಿನ ಸಂಜೆ ಬಿ ಮೀಟ್ ಇದೆ. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. ನಿಮಗೂ ಇಲ್ಲ ಅಂತ ಪತ್ರದಲ್ಲೇ ಗೊತ್ತಾಗುತ್ತದೆ.

ಹಿಂದೊಂದು ಬೇಸಿಗೆ ನಾನು ಮಗಳ ಮನೆಗೆ ಬಂದಿದ್ದಾಗ ನಿಮ್ಮ ಕಡೆಯ ಒಂದು ಪೂಲಿನಲ್ಲಿ ನನ್ನ ಕೈಗೂ ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸಿದ್ದರು. ನಮ್ಮ ಲೇನಿಗೆ ಮೂವರು ಟೈಮರ್‌ಗಳು. ಏಳು ವರ್ಷದ ಹುಡುಗನೊಬ್ಬ ಬಂದು ನಿಂತ. ಮುಂಗೈ ಮೇಲೆ ಮಾರ್ಕರಿನಲ್ಲಿ ಈವೆಂಟ್ ನಂಬರ್, ಲೇನ್ ನಂಬರ್ ಬರೆದಿದ್ದರು. 25 ಮೀಟರ್ ಈಜಬೇಕು. ಅರ್ಧಕ್ಕೆ ಬಂದವನು ಹಗ್ಗ ಹಿಡಿದು ನಿಂತುಬಿಟ್ಟ. ಕೆಮ್ಮಿದ, ಈಜುಕನ್ನಡಕ ಸರಿಮಾಡಿಕೊಂಡ, ಮತ್ತೆ ಹೊರಟ. ಉಳಿದವರೆಲ್ಲ ಮುಗಿಸಿ ಟವೆಲ್ ಸುತ್ತಿಕೊಂಡಿದ್ದರು. ಅವನ ಕೈ ಗೋಡೆಗೆ ತಗುಲಿದಾಗ ಮೂವರೂ ಒಟ್ಟಿಗೆ ಬಟನ್ ಒತ್ತಿದೆವು. ಮೂರು ಟೈಮಿನಲ್ಲಿ ನಡುವಿನದನ್ನು ಬರೆದುಕೊಂಡರು. ಗೆದ್ದವನಿಗೂ ಅದೇ ಮೂರು ವಾಚು, ಇವನಿಗೂ ಅದೇ ಮೂರು ವಾಚು. ಅದನ್ನು ನೋಡಿ ನನಗೆ ಆ ವ್ಯವಸ್ಥೆಯ ಮೇಲೆ ಬಹಳ ಗೌರವ ಬಂತು.

ಆ ವಾಚು ಹಿಡಿದವರೆಲ್ಲ ಯಾರು ಹೇಳಿ? ಅಪ್ಪ-ಅಮ್ಮ, ಅಜ್ಜ-ಅಜ್ಜಿ. ಆರು ಲೇನಿಗೆ ಮೂವರಂತೆ ಟೈಮರ್‌ಗಳೇ 18 ಜನ ಬೇಕು. ಸ್ಟಾರ್ಟರ್, ರೆಫರಿ, ಬಹುಮಾನದ ರಿಬ್ಬನ್ ಬರೆಯುವವರು, ಪುಟಾಣಿಗಳನ್ನು ಸಾಲಾಗಿ ನಿಲ್ಲಿಸುವವರು ಬೇರೆ. ಅದಕ್ಕೇ ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಡ್ಯೂಟಿ ವಿನಾಯಿತಿ. ಮಗು ಬೇಗ ಈಜುತ್ತದೆ ಅಂತ ಅಪ್ಪ ನೆರಳಲ್ಲಿ ಕೂರುವುದು, ನಿಧಾನವಾಗಿ ಈಜುವ ಮಗುವಿನ ಅಮ್ಮ ಅವನ ಪಾಲಿನ ಬಿಸಿಲನ್ನೂ ತಾನೇ ನಿಂತು ಕಾಯುವುದು. ಇದನ್ನು ಯಾವ ವಾದದಿಂದಲೂ ಒಪ್ಪಲಾರೆ.

ಫೀಸ್ ಮಾಫಿಯೂ ಅಷ್ಟೇ. ವೇಗದ ಮಕ್ಕಳಲ್ಲಿ ಎಷ್ಟೋ ಜನ ವರ್ಷವಿಡೀ ಕ್ಲಬ್ಬಿನಲ್ಲಿ ದುಡ್ಡು ಕಟ್ಟಿ ಈಜುವವರು. ಕೊಡಲು ಶಕ್ತಿ ಇದ್ದವರಿಗೆ ಮಾಫಿ ಮಾಡಿ, ಆ ಹೊರೆಯನ್ನು ಉಳಿದವರ ಮೇಲೆ ಹಾಕಿದಂತಾಯಿತು. ಮಾಫಿ ಮಾಡುವುದಾದರೆ ಕಟ್ಟಲು ಕಷ್ಟ ಇರುವ ಮನೆಗೆ ಮಾಡಲಿ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಟ್ಟರೆ ಆ ಕೆಲಸಕ್ಕೆ ಸಂಬಳ ಕೊಡಲಿ. ಅದು ದುಡಿಮೆಯ ದುಡ್ಡು.

ಕೋಚಿನ ಗಂಟೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ. ಸೀಸನ್ ಕೊನೆಯಲ್ಲಿ ಇಡೀ ಲೀಗಿನ ಅತಿ ವೇಗದವರು ಸೇರುವ ಆಲ್ ಸ್ಟಾರ್ ಮೀಟಿಗೆ ಆಯ್ಕೆಯಾದವರು, ಉಳಿದವರ ಪ್ರಾಕ್ಟೀಸ್ ಮುಗಿದ ಮೇಲೆ ನಾಲ್ಕು ದಿನ ಜಾಸ್ತಿ ಈಜಿದರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ನಿಮ್ಮ ಮಗಳ ಗುಂಪಿಗೆ ಸಿಗಬೇಕಾದ ಲೇನು, ಕೋಚಿನ ಸಮಯ ಕಿತ್ತು ಕೊಟ್ಟಿದ್ದರೆ ಅದು ತಪ್ಪು. ಇದನ್ನು ಕೇಳಿ ತಿಳಿದುಕೊಳ್ಳಿ. ಜಾಕೆಟ್ ಅವರವರ ದುಡ್ಡಿನದಾದರೆ ಬಿಟ್ಟುಬಿಡಿ.

ಇನ್ನು, ಈ 'ಟಾಪ್' ಅನ್ನುವುದಾದರೂ ಎಷ್ಟು ಗಟ್ಟಿ? ಮಕ್ಕಳು ಈಜುವುದು ವಯಸ್ಸಿನ ಗುಂಪುಗಳಲ್ಲಿ; ಜೂನ್ 1ಕ್ಕೆ ಎಷ್ಟು ವಯಸ್ಸೋ ಇಡೀ ಬೇಸಿಗೆಗೆ ಅದೇ ಲೆಕ್ಕ. ಮೇ 30ಕ್ಕೆ 11 ತುಂಬಿದ ಹುಡುಗಿ 11-12ರವರ ಗುಂಪಿನಲ್ಲಿ ಈಜಬೇಕು. ಜೂನ್ 2ಕ್ಕೆ 11 ತುಂಬುವವಳು 9-10ರವರ ಗುಂಪಿನಲ್ಲೇ ಇರುತ್ತಾಳೆ. ಮೂರು ದಿನದ ಅಂತರ. ಮೊದಲನೆಯವಳು ತನ್ನ ಗುಂಪಿಗೆಲ್ಲ ಚಿಕ್ಕವಳು, ಎರಡನೆಯವಳು ತನ್ನ ಗುಂಪಿಗೆಲ್ಲ ದೊಡ್ಡವಳು. ನಿಮ್ಮ ಮಗಳ ವಯಸ್ಸಿನಲ್ಲಿ ಸವಲತ್ತು ಹಂಚಿದರೆ ಅರ್ಧ ಹುಟ್ಟಿದ ತಾರೀಖಿಗೆ ಹಂಚಿದ ಹಾಗೆ.

ತಂಡ ನಡೆಸುವವರದೂ ಒಂದು ಭಯ ಇದೆ, ಅದನ್ನೂ ಹೇಳಬೇಕು. ಇವರನ್ನು ಉಳಿಸಿಕೊಳ್ಳದಿದ್ದರೆ ಬೇಸಿಗೆ ತಂಡ ಬಿಟ್ಟು ಕ್ಲಬ್ಬಿಗೆ ಹೋಗಿಬಿಡುತ್ತಾರೆ, ನಾವು ಲೀಗಿನಲ್ಲಿ ಕೆಳಗಿನ ಡಿವಿಷನ್ನಿಗೆ (ಕೆಳಗಿನ ಹಂತದ ತಂಡಗಳ ಗುಂಪಿಗೆ) ಇಳಿಯುತ್ತೇವೆ ಅಂತ. ನಿಜವೇ. ಆದರೆ ಪಾಯಿಂಟ್ ಲೆಕ್ಕ ನೋಡಿ: ಮೊದಲನೆಯವರಿಗೆ 5, ಎರಡನೆಯವರಿಗೆ 3, ಮೂರನೆಯವರಿಗೆ 1. ಬಿಗಿ ಮೀಟನ್ನು ಆ ಒಂದು ಪಾಯಿಂಟೇ ಗೆಲ್ಲಿಸಬಹುದು. ಅದನ್ನು ತರುವವಳು ಹೋದ ವರ್ಷ ಬಿ ಮೀಟಿನಲ್ಲಿದ್ದವಳು. ಅವಳು ಬೇಸರಪಟ್ಟು ಬಿಟ್ಟರೆ ಮುಂದಿನ ವರ್ಷ ಲೇನೇ ಖಾಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ ಕೂಡ ನಿಮ್ಮ ಪೊಟೊಮ್ಯಾಕ್ ನದಿಯಾಚೆಯ ಮೇರಿಲ್ಯಾಂಡ್ ರಾಜ್ಯದ ಇಂಥದ್ದೇ ಬಡಾವಣೆ ಪೂಲಿನ ತಂಡದಲ್ಲಿ 6 ವರ್ಷದವಳಿದ್ದಾಗ ಶುರುಮಾಡಿದ್ದು.

ನಿಮ್ಮ ಯಜಮಾನರ ಅಳುಕು ನನಗೆ ಅರ್ಥವಾಗುತ್ತದೆ. ಹೊರಗಿನಿಂದ ಬಂದವರು, ತಲೆ ತಗ್ಗಿಸಿಕೊಂಡು ಇದ್ದುಬಿಡೋಣ ಅನ್ನಿಸುತ್ತದೆ, ಅಲ್ವಾ? ಅವರಿಗೆ ನಿಮ್ಮದೇ ಕೌಂಟಿಯ, ಅಂದರೆ ಜಿಲ್ಲೆಯ, ಒಂದು ಸಂಗತಿ ಹೇಳಿ. ಫೇರ್‌ಫ್ಯಾಕ್ಸ್ ಕೌಂಟಿಯ ಲಿಟಲ್ ಹಂಟಿಂಗ್ ಪಾರ್ಕ್ ಎಂಬ ಬಡಾವಣೆಯ ಪಾರ್ಕು ಮತ್ತು ಪೂಲಿನ ಸಂಸ್ಥೆ 1960ರ ದಶಕದಲ್ಲಿ ಒಬ್ಬ ಕಪ್ಪು ಬಾಡಿಗೆದಾರನಿಗೆ ಸದಸ್ಯತ್ವ ಕೊಡಲು ಒಪ್ಪಲಿಲ್ಲ. ಅವನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಬಿಳಿಯ ಪಾಲ್ ಸಲಿವನ್ ಇದನ್ನು ಪ್ರತಿಭಟಿಸಿದ್ದಕ್ಕೆ ಅವರನ್ನೇ ಹೊರಹಾಕಿದರು. ಅಮೆರಿಕದ ಸುಪ್ರೀಂ ಕೋರ್ಟು 1969ರಲ್ಲಿ ಸಲಿವನ್ ಮತ್ತು ಅವರ ಬಾಡಿಗೆದಾರನ ಪರ ತೀರ್ಪು ಕೊಟ್ಟಿತು. ಆ ಅನ್ಯಾಯಕ್ಕೂ ಫೀಸಿನ ವಿಷಯಕ್ಕೂ ಹೋಲಿಕೆ ಇಲ್ಲ. ಆದರೆ ಇಂದು ನಿಮ್ಮ ಮಗಳು ಇಳಿಯುವ ನೀರಿಗೆ ನಮ್ಮಂಥವರಿಗೂ ದಾರಿಯಾದದ್ದು, ಅಲ್ಲೇ ಯಾರೋ ಎದ್ದುನಿಂತು "ಇದು ಸರಿಯಲ್ಲ" ಅಂದದ್ದರಿಂದ. ನೀವು ಅಲ್ಲಿ ಅತಿಥಿಯಲ್ಲ, ಫೀಸ್ ಕಟ್ಟಿದ ಸದಸ್ಯೆ.

ಸೀಸನ್ ಮುಗಿದ ಮೇಲೆ, ಮುಂದಿನ ವರ್ಷದ ನೋಂದಣಿಗೆ ಮುಂಚೆ, ತಂಡದ ಪೋಷಕ ಪ್ರತಿನಿಧಿಗಳಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ಮಗುವಿನ ಹೆಸರೂ ಬೇಡ. ಆ ಮಕ್ಕಳು ಏನೂ ತಪ್ಪು ಮಾಡಿಲ್ಲ, ಕಷ್ಟಪಟ್ಟು ಈಜುತ್ತಾರೆ. ಪ್ರತಿ ಸವಲತ್ತಿನ ಮುಂದೆ ಒಂದೇ ಪ್ರಶ್ನೆ ಇಡಿ: ಇದು ಯಾರ ಪಾಲಿನಿಂದ ಬಂತು? ಬಿ ಮೀಟಿನ ಇನ್ನೂ ಇಬ್ಬರು ತಾಯಂದಿರ ಸಹಿ ಇದ್ದರೆ ಒಳ್ಳೆಯದು.

ಮಗಳಿಗೆ ಹೇಳಿ, ಹೌದು ಪುಟ್ಟಿ, ನೀನೂ ಅದೇ ಟೀಮು ಅಂತ. ಬ್ಯಾಕ್‌ಸ್ಟ್ರೋಕಿನಲ್ಲಿ ಎರಡು ಸೆಕೆಂಡ್ ಕಡಿಮೆ ಮಾಡಿಕೊಂಡಳು ಅಂತ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಮುಂದಿನ ಮೀಟಿನ ಟೈಮ್ ಎಷ್ಟಾಯಿತು ಅಂತ ದಯವಿಟ್ಟು ತಿಳಿಸಿ.

ಸಂಪಾದಕ