ಸಿಂಧನೂರಿನಿಂದ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತರಬೇಕು. ಲಾರಿಗೆ ಮುಂದಾಗಿ ಹತ್ತಿಸಬೇಕೋ, ರಿವರ್ಸ್‌ನಲ್ಲೋ? ಮರದ ಹಲಗೆ ಸಾಕಾ, ಕಬ್ಬಿಣದ ರ‍್ಯಾಂಪ್ ಬೇಕಾ?

ನೀವು ಸಿಂಧನೂರಿನಿಂದ ತರ್ತಿದ್ದೀರಿ. ನಾನು ಗಂಗಾವತಿ ಕಡೆಯಿಂದ ಅರಸೀಕೆರೆಗೆ ತಂದೆ. ಎರಡೂ ಭತ್ತದ ಗದ್ದೆಯ ಸೀಮೆ. ನನಗೆ ಪೆಟ್ಟು ಬಿದ್ದದ್ದೂ ಆ ಗದ್ದೆಯಿಂದಲೇ.

ರಿವರ್ಸ್‌ನಲ್ಲೇ ಹತ್ತಿಸಬೇಕು ಅಂತ ನನಗೆ ಗೊತ್ತಿತ್ತು. ಟ್ರ್ಯಾಕ್ಟರಿನ ಭಾರ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರಗಳ ಮೇಲೆ ಇರುತ್ತದೆ. ಕಡಿದಾದ ಏರಿಗೆ ಮುಂದಾಗಿ ನುಗ್ಗಿಸಿದರೆ ಮುಂದಿನ ಚಕ್ರ ಮೇಲೆದ್ದು ಗಾಡಿ ಓಡಿಸುವವನ ಮೇಲೇ ಮಗುಚಬಹುದು. ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ಸಿಕ್ಕಿಸಿದ್ದರಂತೂ ಕೇಳೋದೇ ಬೇಡ. ಇಷ್ಟೆಲ್ಲ ತಿಳಿದವನು, ಚಿಕ್ಕಂದಿನಿಂದ ಟ್ರ್ಯಾಕ್ಟರ್ ಓಡಿಸಿದವನು, ಲಾರಿ ಡ್ರೈವರ್ "ನಾ ಹತ್ತಿಸ್ತೀನ್ರೀ" ಅಂದರೂ ಕೇಳದೆ ನಾನೇ ಹತ್ತಿ ಕೂತು ರಿವರ್ಸ್ ಹಾಕಿದೆ.

ಅರ್ಧ ರ‍್ಯಾಂಪ್ ಹತ್ತಿದೆ. ಚಕ್ರ ಅಂಚಿಗೆ ಬಂದ ಹಾಗೆ ಅನ್ನಿಸಿತು. ಕ್ಲಚ್ ಒತ್ತಿ ಬ್ರೇಕ್ ಮೆಟ್ಟಿದೆ. ಗಾಡಿ ನಿಲ್ಲಲಿಲ್ಲ, ಬಲಕ್ಕೆ ತಿರುಗಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಟ್ರ್ಯಾಕ್ಟರಿಗೆ ಬಲಗಾಲಿನ ಹತ್ತಿರ ಎರಡು ಬ್ರೇಕ್ ಪೆಡಲ್ ಇರುತ್ತವೆ, ಅಲ್ವಾ? ಒಂದು ಎಡಚಕ್ರಕ್ಕೆ, ಒಂದು ಬಲಚಕ್ರಕ್ಕೆ. ಎರಡನ್ನೂ ಸೇರಿಸಲು ಒಂದು ಪುಟ್ಟ ಕಬ್ಬಿಣದ ಲಾಕ್ ಇರುತ್ತದೆ. ರಸ್ತೆಯಲ್ಲಿ ಅದು ಹಾಕಿರಬೇಕು. ಗದ್ದೆಯಲ್ಲಿ ಕೆಸರು ಹೊಡೆಯುವಾಗ ಬದುವಿನ ಹತ್ತಿರ ಗಿರ್ರನೆ ತಿರುಗಿಸಬೇಕಲ್ಲ, ಅದಕ್ಕೆ ಲಾಕ್ ಬಿಡಿಸಿಕೊಂಡು ಒಂದೇ ಕಡೆ ಬ್ರೇಕ್ ಹಾಕುತ್ತಾರೆ. ನನ್ನ ಕಾಲು ಹೊರಗಿನ ಪೆಡಲ್ ಮೇಲೆ ಬಿತ್ತು. ಬಲಚಕ್ರ ಹಿಡಿಯಿತು, ಎಡಚಕ್ರ ಇಳಿಜಾರಿಗೆ ಉರುಳಿತು. ಒಂದು ಚಕ್ರ ನಿಂತು ಇನ್ನೊಂದು ಉರುಳಿದರೆ ಗಾಡಿ ನಿಂತ ಚಕ್ರದ ಸುತ್ತ ತಿರುಗದೆ ಏನು ಮಾಡೀತು? ಕ್ಲಚ್ ಬೇರೆ ಒತ್ತಿದ್ದೆ, ಎಂಜಿನ್ನಿನ ಹಿಡಿತವೂ ಹೋಗಿತ್ತು. ಹೊಲದಲ್ಲಾಗಿದ್ದರೆ ಸುಮ್ನೆ ನಾಲ್ಕು ಅಡಿ ಪಕ್ಕಕ್ಕೆ ಹೋಗುತ್ತಿತ್ತು. ರ‍್ಯಾಂಪ್ ಇದ್ದದ್ದೇ ಒಂದೊಂದು ಬದಿಯ ಚಕ್ರಕ್ಕೆ ಒಂದೂವರೆ ಅಡಿ ಅಗಲ.

ಬಲಗಡೆಯ ಮುಂದಿನ ಚಕ್ರ ಜಾರಿ ಕೆಳಗಿಳಿಯಿತು. ಗಾಡಿಯ ಹೊಟ್ಟೆ ರ‍್ಯಾಂಪಿನ ಅಂಚಿಗೆ ಕೂತಿತು. ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ಬಾಗಿತು, ಎಂಜಿನ್ ಅಡಿಯ ಆಯಿಲ್ ಸಂಪ್ ಬಿರುಕು ಬಿಟ್ಟು ಆಯಿಲ್ ಸೋರಿತು. ನಾನು ಬಚಾವಾದದ್ದು ಅದೃಷ್ಟ. ಜೆಸಿಬಿ ಕರೆಸಿ ಎತ್ತಿಸಬೇಕಾಯಿತು. ಲಾರಿ ಬಾಡಿಗೆಗಿಂತ ಇದಕ್ಕೇ ಜಾಸ್ತಿ ಹೋಯಿತು. ಮಾರಿದವರು ಬಂದು ಪೆಡಲ್ ನೋಡಿ, "ನಿನ್ನೀತನಾ ಗದ್ದ್ಯಾಗ ಇತ್ರೀ, ಲಾಕ್ ಬಿಡಿಸಿದ್ದು ಹಂಗ ಐತಿ, ನೀವು ನೋಡ್ಲಿಲ್ಲೇನ್ರೀ?" ಅಂದರು. ಏನು ಹೇಳೋದು!

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಹಲಗೆಯೋ ಕಬ್ಬಿಣವೋ ಆಮೇಲಿನ ಮಾತು, ಮೊದಲು ಏರನ್ನೇ ತಪ್ಪಿಸಿ. ಲಾರಿಯ ಬಾಡಿ ನೆಲದಿಂದ ಸುಮಾರು 4 ಅಡಿ ಎತ್ತರ ಇರುತ್ತದೆ. 8 ಅಡಿ ಹಲಗೆ ಇಟ್ಟರೆ ಏರು 30 ಡಿಗ್ರಿ ಆಗುತ್ತದೆ, 14 ಅಡಿಯದಾದರೆ 17ರ ಹತ್ತಿರ. ಸಿಂಧನೂರು ಕಡೆ ಕಾಲುವೆ ಏರಿ, ಮಣ್ಣಿನ ದಿಣ್ಣೆ ಎಲ್ಲೆಂದರಲ್ಲಿ ಸಿಗುತ್ತವೆ. ಗಟ್ಟಿ ದಿಣ್ಣೆ ನೋಡಿ, ಲಾರಿಯ ಹಿಂಭಾಗ ಅದಕ್ಕೆ ಒತ್ತಿ ನಿಲ್ಲಿಸಿ. ರ‍್ಯಾಂಪ್ ಮಟ್ಟಸವಾಗುತ್ತದೆ, ಅರ್ಧ ತಲೆನೋವು ಅಲ್ಲೇ ಮುಗಿಯಿತು. ಲಾರಿ ಚಕ್ರಗಳಿಗೆ ಕಲ್ಲು ಕೊಡೋದು ಮರೀಬೇಡಿ. ದಿಣ್ಣೆ ಸಿಗದಿದ್ದರೆ ತಗ್ಗಾದ ಲೋಬೆಡ್ ಟ್ರೇಲರ್ ಕೇಳಿ. ಬಾಡಿಗೆ ಜಾಸ್ತಿ, ಆದರೂ ಕೊಡಿ.

ಹತ್ತುವ ಮೊದಲು ರೋಟವೇಟರ್ ಬಿಚ್ಚಿ. ಟೈರಿನ ಕೆಸರು ತೊಳೆಯಿರಿ. ಪೆಡಲ್ ಲಾಕ್ ಕೈಯಿಂದ ಮುಟ್ಟಿ ನೋಡಿ, ಕಣ್ಣಿಂದ ನೋಡಿದ್ದು ಸಾಲದು. ಆಮೇಲೆ ಲೋ ಗೇರು, ರಿವರ್ಸ್, ನಿಧಾನ. ಮಧ್ಯದಲ್ಲಿ ಗೇರು ಬದಲಿಸಬೇಡಿ, ಕ್ಲಚ್ ಮೇಲೆ ಕಾಲಿಡಬೇಡಿ.

ಕಟ್ಟುವುದಕ್ಕೆ ನೈಲಾನ್ ಹಗ್ಗ ಬೇಡವೇ ಬೇಡ. ಚೈನ್ ತನ್ನಿ. ಮುಂದಿನ ಆಕ್ಸಲ್ಲಿಗೆ ಎರಡು, ಹಿಂದಿನ ಆಕ್ಸಲ್ಲಿಗೆ ಎರಡು, ನಾಲ್ಕು ಮೂಲೆಗೆ ಎಳೆದು ಬಿಗಿಯಿರಿ. ಮಡ್‌ಗಾರ್ಡಿಗೋ ಸ್ಟಿಯರಿಂಗಿಗೋ ಕಟ್ಟಿದರೆ ಅದೇ ಕಿತ್ತು ಬರುತ್ತದೆ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಕುಲುಕಾಟಕ್ಕೆ ಚೈನ್ ಸಡಿಲವಾಗೇ ಆಗುತ್ತದೆ. ಸೀಟಿನ ಮೇಲೆ ನೆರಳಿನ ಹುಡ್ ಇದ್ದರೆ ಬಿಚ್ಚಿಡಿ, ಹಳ್ಳಿ ರಸ್ತೆಯಲ್ಲಿ ಕರೆಂಟ್ ತಂತಿ ಜೋತಿರುತ್ತವೆ.

ಮರದ ಹಲಗೆ ಕೇಳಿದಿರಿ. ಒದ್ದೆಯಾದರೆ ಜಾರುತ್ತದೆ, ಗಂಟಿದ್ದ ಕಡೆ ಮುರಿಯುತ್ತದೆ. ಅಡ್ಡಪಟ್ಟಿ ವೆಲ್ಡ್ ಮಾಡಿದ, ಲಾರಿ ಅಂಚಿಗೆ ಕೊಕ್ಕೆ ಹಾಕುವಂಥ ಕಬ್ಬಿಣದ ರ‍್ಯಾಂಪ್ ತನ್ನಿ. ಇಳಿಸುವಾಗಲೂ ಅದೇ ಬೇಕು, ಆಗ ಮಾತ್ರ ಮುಂದಾಗಿ, ಫಸ್ಟ್ ಗೇರಿನಲ್ಲಿ.