ಎಂಟು ದಿನಕ್ಕೆ ಮರಳಿ ಬರುವ ಬೂಷ್ಟು

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಕಾರು ಎರಡು ವರ್ಷ ಪ್ಲಾಸ್ಟಿಕ್ ಕವರ್ ಹೊದ್ದು ನಿಂತೇ ಇತ್ತು. ಮೊನ್ನೆ ಬಾಗಿಲು ತೆಗೆದರೆ ಸ್ಟೀರಿಂಗ್, ಸೀಟು, ಬೆಲ್ಟು ಎಲ್ಲಕ್ಕೂ ಬೂಷ್ಟು. ಒರೆಸಿ, ಸುಗಂಧದ ಡಬ್ಬಿ ಇಟ್ಟೆ. ಎಂಟೇ ದಿನಕ್ಕೆ ಮತ್ತೆ ಬಂತು. ಮನೆಯವರು ಮಾರಿಬಿಡು ಅನ್ನುತ್ತಾರೆ, ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಸುಗಂಧದ ಡಬ್ಬಿ ಆಚೆ ಇಡಿ. ಮುಗ್ಗಲು ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ನಿಮ್ಮ ಮೂಗು ಬೇಕು, ಡಬ್ಬಿ ಅದನ್ನೇ ಕಟ್ಟಿಹಾಕುತ್ತದೆ. ಎಂಟು ದಿನದಲ್ಲಿ ಬೂಷ್ಟು ಮರಳಿತು ಅಂದರೆ ಒಳಗೆಲ್ಲೋ ನೀರು ಕೂತಿದೆ. ಫುಟ್‌ಮ್ಯಾಟ್ ಎತ್ತಿ, ಕಾರ್ಪೆಟ್ಟನ್ನು ಅಂಗೈಯಿಂದ ಬಲವಾಗಿ ಒತ್ತಿ ನೋಡಿ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯ ಫೋಮ್ ನೀರು ಕುಡಿದು ಕೂತಿರುತ್ತದೆ.

ನಾನು ಕೆಲಸ ಕಲಿಯುವಾಗ ಒಂದು ಕಾರನ್ನು ಮೂರು ಸಲ ತಿಕ್ಕಿ ತೊಳೆದು ಕೊಟ್ಟೆ. ಮೂರು ಸಲವೂ ವಾಪಸ್ ಬಂತು. ನಾಲ್ಕನೇ ಸಲ ನಮ್ಮ ಮೇಸ್ತ್ರಿ ಬಾನೆಟ್ ಎತ್ತಿ, ವೈಪರ್ ಬುಡದ ಜಾಲರಿಯೊಳಗಿಂದ ಒಂದು ಹಿಡಿ ಕೊಳೆತ ಎಲೆ ತೆಗೆದು ನನ್ನ ಅಂಗೈಗೆ ಹಾಕಿದರು. ಮಾತೇ ಆಡಲಿಲ್ಲ. ಅಲ್ಲಿ ನೀರು ಹರಿದುಹೋಗುವ ತೂತು ಕಟ್ಟಿಕೊಂಡರೆ ಮಳೆನೀರು ಬ್ಲೋವರ್ (ಒಳಗೆ ಗಾಳಿ ಬೀಸುವ ಫ್ಯಾನ್) ದಾರಿಯಲ್ಲಿ ಒಳಗಿಳಿಯುತ್ತದೆ. ಅದನ್ನು ನೋಡಿ, ಬಾಗಿಲಿನ ರಬ್ಬರ್ ನೋಡಿ, ಸನ್‌ರೂಫ್ ಇದ್ದರೆ ಅದರ ಮೂಲೆಯ ಕೊಳವೆಗಳನ್ನೂ ನೋಡಿ. ಸೆಕೆಯಲ್ಲಿ ಏಸಿ ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಅದರ ಪೈಪು ಕಟ್ಟಿರಬಹುದು.

ಸೋರಿಕೆ ನಿಂತ ಮೇಲೆ ಶುಚಿ ಮಾಡುವ ಕೆಲಸ. ಒಣಹವೆಯ ದಿನ ಬಯಲಲ್ಲಿ ನಿಲ್ಲಿಸಿ, ಬಾಗಿಲು, ಡಿಕ್ಕಿ ಎಲ್ಲ ತೆರೆದಿಡಿ. ಮಾಸ್ಕ್, ಕೈಗವಸು ಬೇಕೇಬೇಕು. ಒಣಬಟ್ಟೆಯಿಂದ ಕೊಡವಿದರೆ ಬೂಷ್ಟಿನ ಪುಡಿ ಹಾರಿ ಇಡೀ ಕಾರಿಗೆ ಹರಡುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಪ್ಲಾಸ್ಟಿಕ್ ಮತ್ತು ಬಟ್ಟೆಯ ಭಾಗಕ್ಕೆ ಸಿಂಪಡಿಸಿ, 20 ನಿಮಿಷ ಬಿಟ್ಟು ಒದ್ದೆಬಟ್ಟೆಯಿಂದ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಲೆದರ್ ಸೀಟಿಗೆ ಸೌಮ್ಯ ಸೋಪಿನ ನೀರು ಸಾಕು. ಬ್ಲೀಚ್ ಮುಟ್ಟಬೇಡಿ: ಬಣ್ಣ ಹೋಗುತ್ತದೆ, ವಿನೆಗರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲವೇ ಬರುತ್ತದೆ.

ಹೆಚ್ಚಿನವರು ಮರೆಯುವುದು ಸೀಟ್‌ ಬೆಲ್ಟು. ಕಣ್ಣಿಗೆ ಕಾಣುವ ಒಂದು ಮೊಳ ಒರೆಸಿ ಬಿಡುತ್ತಾರೆ, ಸುರುಳಿಯೊಳಗಿನ ಉಳಿದ ಬೆಲ್ಟು ಹಾಗೇ ಇರುತ್ತದೆ. ಪೂರ್ತಿ ಹೊರಗೆಳೆದು, ವಾಪಸ್ ಸುತ್ತಿಕೊಳ್ಳದಂತೆ ಬಟ್ಟೆ ಕ್ಲಿಪ್ ಹಾಕಿ, ಸೋಪಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಮಾತ್ರ ಒಳಗೆ ಬಿಡಿ. ಒಳಛಾವಣಿಗೆ ಇದಕ್ಕೆ ತದ್ವಿರುದ್ಧ ನಡೆ: ನೆನೆಸಲೂ ಬಾರದು, ಉಜ್ಜಲೂ ಬಾರದು. ಅಂಟು ಬಿಟ್ಟರೆ ಬಟ್ಟೆ ತಲೆಯ ಮೇಲೆ ಜೋತುಬೀಳುತ್ತದೆ.

ಕಾರ್ಪೆಟ್ ಎತ್ತಿ ಅಡಿಗೆ ಫ್ಯಾನ್ ಗಾಳಿ ಬಿಡಿ. ಒಣಗಲು ಎರಡು ಮೂರು ದಿನವಾದರೂ ಬೇಕು, ಅವಸರ ಮಾಡಿದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಅದಕ್ಕಾಗಿ ಸೀಟು ಬಿಚ್ಚಲು ಮಾತ್ರ ನೀವೇ ಹೋಗಬೇಡಿ, ಅದರಡಿ ಏರ್‌ಬ್ಯಾಗ್ ವೈರು ಇರಬಹುದು. ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೊಳೆಯುವ ಯೋಚನೆ ಬಿಟ್ಟು ಹೊಸದು ಹಾಕಿ. ಸೀಟಿನ ಫೋಮಿನೊಳಗೇ ಬೂಷ್ಟು ಇಳಿದಿದ್ದರೆ ಫೋಮ್ ಬದಲಿಸುವುದೇ ದಾರಿ. ಇನ್ನು ಆ ಪ್ಲಾಸ್ಟಿಕ್ ಕವರ್! ಅದು ಮಳೆ ತಡೆದದ್ದಕ್ಕಿಂತ ತೇವ ಹಿಡಿದಿಟ್ಟದ್ದೇ ಹೆಚ್ಚು. ಗಾಳಿಯಾಡುವಂಥದ್ದು ತನ್ನಿ.

ಪ್ರಶ್ನೆ: ಕಿಟಕಿಯ ರಬ್ಬರಿನ ಸಂದಿಯಲ್ಲಿ ಹಸಿರು ಪಾಚಿ, ಮೈಮೇಲೆ ದಪ್ಪ ಧೂಳು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದೇ?

ಉತ್ತರ: ಅದು ಬಣ್ಣ ಕಾಯುವ ವ್ಯಾಕ್ಸ್ ಪದರವನ್ನೂ ಎಬ್ಬಿಸುತ್ತದೆ, ಕಾರ್ ಶಾಂಪೂ ಬಳಸಿ. ಪಾಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿ. ಧೂಳನ್ನು ಒರೆಸುವ ಮೊದಲು ಧಾರಾಳ ನೀರು ಹಾಯಿಸಿ, ಇಲ್ಲದಿದ್ದರೆ ಮರಳುಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತದೆ. ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಶಾಂಪೂ ಒಣಗಿ ಕಲೆ ಕೂರುತ್ತದೆ, ನೆರಳಲ್ಲಿ ನಿಲ್ಲಿಸಿ ತೊಳೆಯಿರಿ.