ನಿಮ್ಮ ಏಳು ಕುದುರೆಗಳಿಗೆ ಮೇವು ಹಾಕುವವರು ಯಾರು?

(ಕಲ್ಪನೆಯ ಬೆಟ್ಟದ ನಗರವೊಂದರಲ್ಲಿ ಬಾಡಿಗೆ ಸಾರೋಟು ನಡೆಸುವ ತಾಯಿ–ಮಗಳ ಕಥೆಯನ್ನು ಓದುಗರೊಬ್ಬರು ಕಳಿಸಿದ್ದರು. ಅದನ್ನು ತಿದ್ದುಪಡಿಗೆಂದು ಹಿಂತಿರುಗಿಸಿದಾಗ ಅವರು ಬರೆದದ್ದು: ‘ನನ್ನ ಊರಿನಲ್ಲಿ ದೀಪಗಳು ಮಾತಾಡುತ್ತವೆ, ಕೋಟೆಗೆ ರೆಕ್ಕೆಯ ಹಾವು ಕಾವಲಿದೆ. ಅದನ್ನೆಲ್ಲ ಒಪ್ಪಿದ ನೀವು ಕುದುರೆಗಳ ಪಕ್ಕದಲ್ಲಿ ಮಾತ್ರ “ನಂಬಿಕೆ ಬರಲಿಲ್ಲ” ಎಂದು ಬರೆದಿದ್ದೀರಿ. ಇಲ್ಲದ ಊರಿಗೆ ಲೆಕ್ಕ ಯಾಕೆ ಬೇಕು?’)

ಪ್ರಿಯ ಲೇಖಕಿಯವರೇ,

ಅಂಚಿನಲ್ಲಿ ಎರಡು ಪದ ಗೀಚಿ ಕಳಿಸಿದ್ದು ನನ್ನ ತಪ್ಪು. ನಿಮ್ಮ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸಬೇಕು.

ಮಾತಾಡುವ ದೀಪಗಳನ್ನು ನಾನು ನಂಬಿದೆ. ಅವಕ್ಕೆ ಎಣ್ಣೆ ಹೊಯ್ಯುವ ಮುದುಕನನ್ನು ನೀವು ತೋರಿಸಿದ್ದೀರಿ, ಎಣ್ಣೆ ಕಡಿಮೆಯಾದಾಗ ಅವುಗಳ ಮಾತು ತೊದಲುತ್ತದೆ ಎಂದೂ ಬರೆದಿದ್ದೀರಿ. ರೆಕ್ಕೆಯ ಹಾವಿಗೂ ಹಸಿವಾಗುತ್ತದೆ. ಆದರೆ ನಿಮ್ಮ ಏಳು ಗಾಡಿಗಳ ಏಳು ಕುದುರೆಗಳು ಕೋಳಿ ಕೂಗುವಾಗ ಹೊರಟು ನಡುರಾತ್ರಿಯವರೆಗೆ ಬೆಟ್ಟ ಹತ್ತಿ ಇಳಿದು, ಮರುದಿನ ಮತ್ತೆ ಮೈ ಮಿಂಚಿಸಿಕೊಂಡು ನಿಂತಿರುತ್ತವೆ. ಕಥೆಯಲ್ಲಿ ಎಲ್ಲೂ ಅವು ತಿನ್ನಲಿಲ್ಲ, ನೀರು ಕುಡಿಯಲಿಲ್ಲ, ಅವುಗಳ ಲಾಳ ಸವೆಯಲಿಲ್ಲ.

ಈ ಕಸುಬು ನಿಜವಾಗಿ ನಡೆದ ಊರೊಂದನ್ನು ನೋಡೋಣ. ಲಂಡನ್ನಿನಲ್ಲಿ 1634ರಲ್ಲಿ ಬೈಲಿ ಎಂಬ ನಿವೃತ್ತ ಕಪ್ತಾನ ಸ್ಟ್ರ್ಯಾಂಡ್ ಬೀದಿಯ ಮೇಪೋಲ್ ಎಂಬ ಹಬ್ಬದ ಕಂಬದ ಬಳಿ ನಾಲ್ಕು ಬಾಡಿಗೆ ಗಾಡಿ ನಿಲ್ಲಿಸಿದ. ಓಡಿಸುವವರಿಗೆ ಸಮವಸ್ತ್ರ ಕೊಟ್ಟು, ಎಲ್ಲಿಗೆ ಎಷ್ಟು ಬಾಡಿಗೆ ಎಂದು ಗೊತ್ತುಮಾಡಿದ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ, 1654ರಲ್ಲಿ, ಬಾಡಿಗೆ ಗಾಡಿಯವರು 200 ಮಂದಿಗಿಂತ ಹೆಚ್ಚಿರಕೂಡದೆಂದು ಕಾನೂನೇ ಬಂತು. ನಿಮ್ಮ ನಗರದಲ್ಲಿ ಪರವಾನಗಿ ಕೊಡುವವರು ಯಾರು? ತಾಯಿ–ಮಗಳ ಏಳು ಗಾಡಿಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳುವವರು ಯಾರು? ಕಥೆಯಲ್ಲಿ ಒಬ್ಬ ಎದುರಾಳಿಯೂ ಇಲ್ಲ.

1834ರಲ್ಲಿ ಜೋಸೆಫ್ ಹ್ಯಾನ್ಸಮ್ ಎಂಬ ವಾಸ್ತುಶಿಲ್ಪಿ ಎರಡು ಚಕ್ರದ, ಒಂದೇ ಕುದುರೆಯ ಹಗುರ ಗಾಡಿಗೆ ಪೇಟೆಂಟ್ ಪಡೆದ. ಮುಂದೆ ಅದನ್ನು ಸುಧಾರಿಸಿದವರು ಓಡಿಸುವವನ ಆಸನವನ್ನು ಹಿಂಬದಿಗೆ, ಎತ್ತರಕ್ಕೆ ಏರಿಸಿದರು. ಚಾವಣಿಯ ಕಿಂಡಿಯಿಂದಲೇ ಅವನಿಗೂ ಒಳಗೆ ಕೂತವರಿಗೂ ಮಾತುಕತೆ. ಅಂಥ ಹಗುರ ಗಾಡಿಗೂ ದಿನವಿಡೀ ದುಡಿಯಲು ಎರಡು ಕುದುರೆ ಬೇಕಿತ್ತು, ಒಂದು ದಣಿದರೆ ಇನ್ನೊಂದು. ಹಾಗಾದರೆ ನಿಮ್ಮ ಲಾಯದಲ್ಲಿ ಹದಿನಾಲ್ಕು ಕುದುರೆಗಳಾದವು, ಕುಂಟುವವುಗಳ ಬದಲಿಗೆ ಒಂದೆರಡು ಹೆಚ್ಚುವರಿ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಹುಲ್ಲು, ಕಾಳು ಸೇರಿ 9–10 ಕಿಲೋ ಮೇವು ಬೇಕು, ಕೊಡಗಟ್ಟಲೆ ನೀರು ಬೇಕು. ಅದು ಹಾಕುವ ಲದ್ದಿ 15 ಕಿಲೋಗೆ ಕಡಿಮೆಯಿಲ್ಲ. ಹದಿನಾಲ್ಕು ಕುದುರೆಗೆ ದಿನಕ್ಕೆ 200 ಕಿಲೋ ದಾಟಿತು. ಬೆಟ್ಟದ ಏಳನೆಯ ಸುತ್ತಿನಲ್ಲಿರುವ ನಿಮ್ಮ ಲಾಯಕ್ಕೆ ಹುಲ್ಲು ಹೊತ್ತು ತರುವವರು, ಲದ್ದಿ ಕೆಳಗಿಳಿಸಿ ತೋಟದವರಿಗೆ ಮಾರುವವರು, ಲಾಳ ಕಟ್ಟುವವರು ಇದ್ದೇ ಇರಬೇಕು. ಅವರೂ ಕಥೆಯಲ್ಲಿ ಮಾತಾಡಲಿ.

ನನಗೆ ಎಲ್ಲಕ್ಕಿಂತ ನೋವಾದದ್ದು ಆರನೆಯ ಪುಟದ ಗಾಡಿಯವನನ್ನು ಓದಿದಾಗ. ಅಜ್ಜಿಯ ಹತ್ತಿರ ಒಂದು ನಾಣ್ಯ ಹೆಚ್ಚು ಕೇಳಿದ್ದಕ್ಕೆ ನೀವು ಅವನನ್ನು ದುರಾಸೆಯವನೆಂದು ಒಂದೇ ವಾಕ್ಯದಲ್ಲಿ ತಳ್ಳಿಬಿಟ್ಟಿರಿ. ಲಂಡನ್ನಿನ ಗಾಡಿಯವರಲ್ಲಿ ಬಹಳ ಮಂದಿಗೆ ಗಾಡಿಯೂ ಸ್ವಂತದ್ದಲ್ಲ, ಕುದುರೆಯೂ ಸ್ವಂತದ್ದಲ್ಲ. ದಿನಕ್ಕಿಷ್ಟು ಎಂದು ಮಾಲೀಕನಿಗೆ ಕಟ್ಟಬೇಕಿತ್ತು, ಮಿಕ್ಕಿದ್ದರಲ್ಲಿ ಮನೆ ನಡೆಯಬೇಕಿತ್ತು. ಮಳೆಗಾಲದ ಮಂಕು ದಿನದಲ್ಲಿ ಸಂಜೆಯಾದರೂ ಮಾಲೀಕನ ಪಾಲು ಹುಟ್ಟದವನ ಎದೆಬಡಿತವನ್ನು ಊಹಿಸಿ ನೋಡಿ. 1853ರಲ್ಲಿ ಮೈಲಿಗೆ ಆರು ಪೆನ್ಸ್ ಎಂದು ಸರ್ಕಾರ ದರ ಇಳಿಸಿದಾಗ, ಆ ಜುಲೈನಲ್ಲಿ ಅವರು ಗಾಡಿ ಕಟ್ಟದೆ ಮುಷ್ಕರ ಹೂಡಿದರು. ಊಟಕ್ಕೆ ಹೋಗುವುದೂ ಕಷ್ಟವಾಗಿತ್ತು, ಗಾಡಿ ಬಿಟ್ಟು ಕದಲುವಂತಿರಲಿಲ್ಲ. 1875ರಿಂದ ಕೆಲವು ದಾನಿಗಳು ಗಾಡಿ ನಿಲ್ದಾಣಗಳಲ್ಲೇ ಹಸಿರು ಬಣ್ಣದ ಮರದ ಗೂಡುಗಳನ್ನು ಕಟ್ಟಿಸಿ ಬಿಸಿ ಊಟ ಸಿಗುವಂತೆ ಮಾಡಿದರು. ಸಾರ್ವಜನಿಕ ರಸ್ತೆಯ ಮೇಲಿದ್ದದ್ದರಿಂದ ಒಂದು ಕುದುರೆಗಾಡಿಗಿಂತ ಹೆಚ್ಚಿನ ಜಾಗವನ್ನು ಆ ಗೂಡು ಹಿಡಿಯುವಂತಿರಲಿಲ್ಲ. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ನಿಮ್ಮ ಗಾಡಿಯವನು ಆ ಹೊತ್ತಿನಲ್ಲಿ ಎಷ್ಟು ನಾಣ್ಯ ಹಿಂದೆ ಬಿದ್ದಿದ್ದ? ನೀವು ಅದನ್ನು ಅಜ್ಜಿಗೆ ಹೇಳಬೇಕಿಲ್ಲ, ನಮಗೆ ಹೇಳಿ.

ಮತ್ತೊಂದು. ಮೂರನೆಯ ಪುಟದಲ್ಲಿ ನಿಮ್ಮ ಗಾಡಿಗೆ ಎರಡು ಚಕ್ರ, ಒಂಬತ್ತನೆಯ ಪುಟದಲ್ಲಿ ನಾಲ್ಕು. ನಾನು ಚಿಕ್ಕವನಿದ್ದಾಗ ಮೈಸೂರಿನಲ್ಲಿ ಅಮ್ಮನ ಜೊತೆ ಟಾಂಗಾ ಹತ್ತಿದರೆ, ಗಾಡಿಯವರು ಲಗಾಮು ಹಿಡಿಯುವ ಮೊದಲು ನಮ್ಮನ್ನು ತೂಗಿ ಕೂರಿಸುತ್ತಿದ್ದರು. ‘ಅಮ್ಮಾ, ನೀವು ಒಂಚೂರು ಮುಂದಕ್ಕೆ ಬನ್ನಿ, ಮಗೂನ ಇತ್ಲಾಗೆ ಕೊಡಿ.’ ಎರಡು ಚಕ್ರದ ಗಾಡಿಯಲ್ಲಿ ಭಾರ ಹಿಂದಕ್ಕಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕಾದರೆ ಎಲ್ಲ ಕುದುರೆಯ ಬೆನ್ನಿಗೆ. ಹುಲ್ಲಿನ ಮೂಟೆಯ ಪಕ್ಕದಲ್ಲಿ, ಕುದುರೆಯ ಬೆವರಿನ ವಾಸನೆಯಲ್ಲಿ ಕೂತು ಹೋದದ್ದು ಇನ್ನೂ ಮೂಗಿನಲ್ಲಿದೆ. ನಿಮ್ಮ ಕಥೆಯಲ್ಲಿ ದಪ್ಪ ವರ್ತಕನೂ ಸಣಕಲು ಹುಡುಗಿಯೂ ಒಂದೇ ಗಾಡಿ ಹತ್ತುತ್ತಾರೆ. ಯಾರು ಎಲ್ಲಿ ಕೂರಬೇಕೆಂಬುದರಲ್ಲೇ ಒಂದು ಜಗಳವಿದೆ.

ಬೆಟ್ಟದ ಊರಾದ್ದರಿಂದ ಇದನ್ನೂ ಹೇಳುತ್ತೇನೆ. ಇಂಗ್ಲೆಂಡಿನ ಕಡಿದಾದ ಏರುಗಳ ಬುಡದಲ್ಲಿ ಹುಡುಗರು ಒಂದು ಹೆಚ್ಚುವರಿ ಕುದುರೆ ಹಿಡಿದು ಕಾಯುತ್ತಿದ್ದರು. ಭಾರದ ಗಾಡಿ ಬಂದರೆ ಮುಂದೆ ಕಟ್ಟಿ, ಏರು ದಾಟಿಸಿ, ಬಿಚ್ಚಿಕೊಂಡು ಮತ್ತೆ ಕೆಳಗೆ ಬರುವುದು. ಇಳಿಜಾರಿನಲ್ಲಿ ಚಕ್ರ ಉರುಳದಂತೆ ಅದರಡಿಗೆ ಕಬ್ಬಿಣದ ತಡೆ ಕೊಡುತ್ತಿದ್ದರು. ಕಾಯಿಲೆಯವರಿದ್ದ ಮನೆಯ ಮುಂದೆ, ಚಕ್ರದ ಸದ್ದು ಅಡಗಲೆಂದು ಬೀದಿಗೆ ಹುಲ್ಲು ಹಾಸುವ ರೂಢಿಯಿತ್ತು. ನಿಮ್ಮ ಕಥೆಯಲ್ಲಿ ತಾಯಿ ಮಲಗಿದ್ದಾಳೆ. ಮಗಳು ಗಾಡಿಯೊಂದಿಗೆ ತನ್ನದೇ ಬೀದಿಗೆ ತಿರುಗಿದಾಗ ಚಕ್ರದ ಸದ್ದು ಇದ್ದಕ್ಕಿದ್ದಂತೆ ಅಡಗಿದರೆ?

ಕೊನೆಯ ಅಧ್ಯಾಯದಲ್ಲಿ ನಗರವನ್ನು ನಿಲ್ಲಿಸಲು ನೀವು ಮಂತ್ರವಾದಿಯ ಶಾಪ ತಂದಿದ್ದೀರಿ. 1872ರಲ್ಲಿ ಕೆನಡಾದ ಟೊರಾಂಟೊ ಕಡೆಯಿಂದ ಹಬ್ಬಿದ ಕುದುರೆ ಜ್ವರ ಅಮೆರಿಕದ ಊರೂರನ್ನೇ ಸ್ತಬ್ಧಗೊಳಿಸಿತು. ಸತ್ತ ಕುದುರೆಗಳು ಕಡಿಮೆ, ಆದರೆ ಉಳಿದವು ದಿನಗಟ್ಟಲೆ ಕೆಮ್ಮುತ್ತ ನಿತ್ರಾಣವಾಗಿ ನಿಂತವು. ಅದೇ ನವೆಂಬರ್ 9ರಂದು ಬಾಸ್ಟನ್ನಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವ ಯಂತ್ರಗಳನ್ನು ಮನುಷ್ಯರೇ ಹಗ್ಗ ಕಟ್ಟಿ ಎಳೆದರು. ಶಾಪ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದು ಮೊದಲು ಲಾಯದಲ್ಲಿ, ಒಂದು ಕುದುರೆಯ ಕೆಮ್ಮಾಗಿ ಕೇಳಿಸಲಿ.

ದೀಪಗಳ ಅಧ್ಯಾಯದ ಒಂದಕ್ಷರವನ್ನೂ ಮುಟ್ಟಬೇಡಿ, ಅದು ಇದ್ದಂತೆಯೇ ಅಚ್ಚಾಗಬೇಕು. ಆರನೆಯ ಪುಟವನ್ನು ಹೊಸದಾಗಿ ಬರೆಯಿರಿ, ಗಾಡಿಯವನಿಗೆ ಒಂದು ಹೆಸರಿಡಿ. ಪುಟಗಳು ಹೆಚ್ಚಾದರೆ ಎರಡು ಸಂಚಿಕೆಗಳಲ್ಲಿ ಹಾಕುತ್ತೇವೆ. ನಿಮ್ಮ ಕಥೆಗಾಗಿ ಕಾಯುತ್ತಿರುತ್ತೇನೆ.

– ಸಂಪಾದಕ